ಪುಟ್ಟ ಮಗುವಿನ ಜೊತೆ ವಿದೇಶ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳಿಗೆ 1 ವರ್ಷ 4 ತಿಂಗಳಾಗಿದ್ದಾಗ ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗಿ ಬಂದೆವು. ಮೂರು ತುಂಬಿದ ಮೇಲೆ ಜರ್ಮನಿಗೆ. ಅಂದಿನಿಂದ ಆಫೀಸಿನ ಗೆಳತಿಯರು, ಅಕ್ಕಪಕ್ಕದವರು, ನೆಂಟರ ಮದುವೆಯಲ್ಲಿ ಊಟಕ್ಕೆ ಪಕ್ಕ ಕೂತವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ವೀಸಾ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಟಿಕೆಟ್ ತೆಗೆಯುವ ಮೊದಲು ಆಯಾ ದೇಶದ ಅಧಿಕೃತ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

## ಹೊರಡುವ ಯೋಚನೆ

ಮಗುಗೆ ಏನೂ ನೆನಪಿರಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ನೆನಪಿರುವುದಿಲ್ಲ ಅನ್ನುವುದು ನಿಜ. ಆದರೆ ಮನೆಯಲ್ಲಿ ನಾವು ಮಗುವಿಗೆ ಹೇಳುವ ಕಥೆ, ಹಾಡುವ ಹಾಡು ಕೂಡ ಅದಕ್ಕೆ ನೆನಪಿರುವುದಿಲ್ಲ. ಹಾಗಂತ ಯಾರೂ ನಿಲ್ಲಿಸುವುದಿಲ್ಲ. ನನ್ನ ಮಗಳು ಮೊದಲ ಸಲ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಿದ್ದು ಸಿಂಗಾಪುರದ ಬೊಟಾನಿಕ್ ಗಾರ್ಡನ್ಸ್‌ನಲ್ಲಿ. ಅವಳ ಅಪ್ಪ ಸತತವಾಗಿ ಆರು ದಿನ ಬೆಳಗಿನಿಂದ ರಾತ್ರಿವರೆಗೆ ಅವಳ ಜೊತೆಗಿದ್ದದ್ದು ಅದೇ ಮೊದಲು. ಊರಿಗೆ ಬಂದ ಮೇಲೆ ನಿದ್ದೆ ಮಾಡಿಸಲು ಅಪ್ಪನೂ ಆಗುತ್ತಾನೆ ಎಂದು ಅವಳು ಒಪ್ಪಿಕೊಂಡಳು. ಆ ಖರ್ಚನ್ನು ನಾನು ದಂಡ ಅನ್ನಲಾರೆ.

ಆದರೆ ಸಾಲ ಮಾಡಿ, ಮೈಯಲ್ಲಿ ಶಕ್ತಿಯಿಲ್ಲದೆ, ಬೇರೆಯವರ ಫೋಟೋ ನೋಡಿ ಹೊರಡಬೇಡಿ. ಮಗು ಇನ್ನೂ ಚಿಕ್ಕದು, ದೇಶಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಯಾವ ವಯಸ್ಸು ಸುಲಭ?

ನಾನು ಕಂಡಂತೆ 6ರಿಂದ 10 ತಿಂಗಳು ಸುಲಭ. ಕೂತ ಕಡೆ ಕೂರುತ್ತದೆ, ಜಾಸ್ತಿ ನಿದ್ದೆ ಮಾಡುತ್ತದೆ. ನಡೆಯಲು ಕಲಿತ ಮೇಲಿಂದ ಎರಡು ತುಂಬುವವರೆಗೆ ಕಷ್ಟ. ಓಡಬೇಕು, ಆದರೆ ಹೇಳಿದ ಮಾತು ಅರ್ಥವಾಗುವುದಿಲ್ಲ. ಮೂರರ ನಂತರ ಮತ್ತೆ ಹಗುರ.

ಮೊದಲ ಸಲಕ್ಕೆ ಯಾವ ದೇಶ?

ಬೆಂಗಳೂರಿನಿಂದ ಹೊರಡುವವರಿಗೆ ನಾನು ಕಣ್ಣುಮುಚ್ಚಿ ಸಿಂಗಾಪುರ ಎನ್ನುತ್ತೇನೆ. ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ ಆಸುಪಾಸು. ಗಡಿಯಾರದ ವ್ಯತ್ಯಾಸ ಎರಡೂವರೆ ಗಂಟೆ ಮಾತ್ರ. ಸ್ಟ್ರಾಲರ್ ತಳ್ಳಿಕೊಂಡು ಇಡೀ ಊರು ಸುತ್ತಬಹುದು, ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಬೊಟಾನಿಕ್ ಗಾರ್ಡನ್ಸ್ ಒಳಗಿನ ಜೇಕಬ್ ಬಾಲಸ್ ಮಕ್ಕಳ ತೋಟಕ್ಕೆ ಪ್ರವೇಶ ಉಚಿತ. ಗಾರ್ಡನ್ಸ್ ಬೈ ದ ಬೇಯಲ್ಲೂ ನೀರಾಟದ ಮಕ್ಕಳ ತೋಟ ಇದೆ, ಅದೂ ಉಚಿತ. ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ. ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್ ಎಂಬ ಕಟ್ಟಡದಲ್ಲಿ 40 ಮೀಟರ್ ಎತ್ತರದಿಂದ ಬೀಳುವ ಜಲಪಾತ ನೋಡಿ ನನ್ನ ಮಗಳು ಅರ್ಧ ಗಂಟೆ ಅಲ್ಲಾಡಲಿಲ್ಲ.

ಎರಡನೆಯ ಪ್ರವಾಸಕ್ಕೆ ಯುರೋಪ್ ಇಟ್ಟುಕೊಳ್ಳಿ. ಮೊದಲನೆಯದಕ್ಕೇ ಐದು ದೇಶ, ಹತ್ತು ದಿನ ಅನ್ನುವ ಪ್ಯಾಕೇಜ್ ಮಾತ್ರ ದಯವಿಟ್ಟು ಬೇಡ.

## ಕಾಗದಪತ್ರ

ಕೈಮಗುವಿಗೂ ಬೇರೆ ಪಾಸ್‌ಪೋರ್ಟ್ ಬೇಕಾ?

ಬೇಕು, ಒಂದು ತಿಂಗಳ ಮಗುವಿಗೂ ಬೇಕು. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಕ್ಕೆ ಸಿಗುತ್ತದೆ. 36 ಪುಟದ್ದಕ್ಕೆ ಶುಲ್ಕ 1000 ರೂಪಾಯಿ. ಮೊದಲ ಸಲ ಸಾಮಾನ್ಯ ವಿಧಾನದಲ್ಲಿ ಅರ್ಜಿ ಹಾಕುವ 8 ವರ್ಷದೊಳಗಿನ ಮಕ್ಕಳಿಗೆ ಅದರಲ್ಲೂ ಶೇ. 10 ರಿಯಾಯಿತಿ ಇದೆ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಘೋಷಣೆ ಬೇಕು. ಅದಕ್ಕೆ ಅನುಬಂಧ ಡಿ ಎನ್ನುತ್ತಾರೆ. 4 ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೋ ನೀವೇ ತೆಗೆಸಿಕೊಂಡು ಹೋಗಬೇಕು. ಮಗುವನ್ನು ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿನಿಂದ ತೆಗೆದರೆ ಸುಲಭ.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ. ಹಾಗಾಗಿ ಎಲ್ಲಕ್ಕೂ ಮೊದಲು ಅದನ್ನು ತೆಗೆದು ಒಂದೊಂದು ಅಕ್ಷರ ಓದಿ. ನಮ್ಮಲ್ಲಿ ನಾಮಕರಣಕ್ಕೆ ಮೊದಲೇ ಜನನ ನೋಂದಣಿ ಆಗಿಹೋಗಿರುತ್ತದೆ, ಹೆಸರಿನ ಜಾಗ ಖಾಲಿ ಇರುತ್ತದೆ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡ ಶುಲ್ಕ ಕಟ್ಟಬೇಕು.

ಬೆಂಗಳೂರಿನಲ್ಲಿ ದಿನಾಂಕ ಸಿಗುವುದು ತಡವಾದರೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳನ್ನೂ ನೋಡಿ. ದೇಶದಲ್ಲಿ ಅಂಥ ಮೊದಲ ಕೇಂದ್ರಗಳಲ್ಲಿ ಒಂದು ಶುರುವಾದದ್ದು ನಮ್ಮ ಮೈಸೂರಿನಲ್ಲೇ, 2017ರ ಜನವರಿಯಲ್ಲಿ.

ನಮ್ಮ ಮನೇಲಿ ಸರ್‌ನೇಮ್ ಅಂತ ಇಲ್ಲ, ಇನಿಷಿಯಲ್ ಅಷ್ಟೇ. ಮಗುವಿನ ಹೆಸರು ಹೇಗೆ ಬರೆಸಬೇಕು?

ಅತಿ ಹೆಚ್ಚು ಜನ ಎಡವುವ ಜಾಗ ಇದು. ನಮ್ಮ ಕಡೆ ಹಳೇ ಮೈಸೂರಿನಲ್ಲಿ ಹೆಸರಿನ ಮುಂದೆ ಊರು, ಅಪ್ಪನ ಹೆಸರು ಎರಡೂ ಒಂದೊಂದು ಅಕ್ಷರವಾಗಿ ನಿಂತಿರುತ್ತವೆ. ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರು ಇರುವುದರಿಂದ ಈ ತೊಂದರೆ ಕಡಿಮೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸುವಾಗ ಒಂದೇ ಮನೆಯಲ್ಲಿ ಅಪ್ಪನ ಕೊನೆಯ ಹೆಸರು ತಾತನದ್ದು, ಅಮ್ಮನ ಕೊನೆಯ ಹೆಸರು ಅವಳ ಅಪ್ಪನದ್ದು, ಮಗುವಿನ ಕೊನೆಯ ಹೆಸರು ಅಪ್ಪನದ್ದು ಆಗುತ್ತದೆ. ಮೂವರಿಗೂ ಮೂರು ಸರ್‌ನೇಮ್. ಇದು ನಮಗೆ ಸಹಜ, ಹೊರದೇಶದ ಇಮಿಗ್ರೇಷನ್ ಅಧಿಕಾರಿಗೆ ಅಲ್ಲ.

ನನ್ನ ಸಲಹೆ ಇಷ್ಟು. ಜನನ ಪ್ರಮಾಣಪತ್ರದಲ್ಲೇ ಮಗುವಿನ ಹೆಸರು ಎರಡು ಪದವಾಗಿ, ಬಿಡಿಸಿ ಇರಲಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಗಿವನ್ ನೇಮ್ (ಮಗುವಿಗೆ ಇಟ್ಟ ಹೆಸರು), ಸರ್‌ನೇಮ್ ಎರಡೂ ಜಾಗ ತುಂಬಿಸಿ. ಒಂದು ಜಾಗ ಖಾಲಿ ಬಿಟ್ಟರೆ ಮುಂದೆ ಕಾಡುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸಿ ವೀಸಾದಲ್ಲಿ ಬಿಡುವುದಿಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅಷ್ಟು ಮುದ್ದಿನಿಂದ ಇಟ್ಟ ಹೆಸರಿಗೆ ಹೀಗಾಗಬಾರದು.

ಈಗಾಗಲೇ ಮೂರು ಸರ್‌ನೇಮ್ ಆಗಿಹೋಗಿದ್ದರೆ ಹೆದರಬೇಡಿ. ಅಪ್ಪ ಅಮ್ಮನ ಹೆಸರಿರುವ ಜನನ ಪ್ರಮಾಣಪತ್ರವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ಕರ್ನಾಟಕದ್ದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುವುದರಿಂದ ಅನುವಾದದ ಗೋಜಿಲ್ಲ. ನಮ್ಮನ್ನು ಒಂದು ಕಡೆ "ಈ ಮಗು ನಿಮ್ಮದೇನಾ" ಎಂದು ಕೇಳಿದಾಗ ಆ ಹಾಳೆ ತೋರಿಸಿದೆವು. ಒಂದೇ ನಿಮಿಷದಲ್ಲಿ ಮುಗಿಯಿತು.

ಮಗುವಿನ ವೀಸಾಕ್ಕೂ ಪೂರ್ತಿ ದುಡ್ಡಾ? ಬೆರಳಚ್ಚು ತಗೋತಾರಾ?

ದೇಶದ ಮೇಲೆ ಹೋಗುತ್ತದೆ. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ, 6 ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ ಇರಬಹುದು. 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಮಗುವಿಗೂ ಬೇಕು. ಬ್ರಿಟನ್ ವೀಸಾದಲ್ಲಿ ಮಕ್ಕಳಿಗೆ ರಿಯಾಯಿತಿ ಇಲ್ಲ, ಕೈಮಗುವಿಗೂ ಪೂರ್ತಿ ಶುಲ್ಕ.

ಸಿಂಗಾಪುರಕ್ಕೆ ವೀಸಾ ಅಲ್ಲದೆ ಆಗಮನ ಕಾರ್ಡ್ ಎಂಬ ಆನ್‌ಲೈನ್ ಅರ್ಜಿಯನ್ನು ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಮಗುವಿನದ್ದೂ ಬೇರೆ ತುಂಬಬೇಕು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಅಧಿಕೃತವಲ್ಲ ಎಂದೇ ತಿಳಿಯಿರಿ.

## ವಿಮಾನದಲ್ಲಿ

ಎರಡು ವರ್ಷದ ಒಳಗಿದ್ದರೆ ಟಿಕೆಟ್ ಬೇಡ ಅಲ್ವಾ?

ಟಿಕೆಟ್ ಬೇಕು, ಸೀಟು ಇರುವುದಿಲ್ಲ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು ಆಗುತ್ತದೆ, ಮಗು ಮಡಿಲಲ್ಲೇ ಕೂರಬೇಕು. ಒಂದು ವಿಷಯ ನೆನಪಿಡಿ. ಪ್ರವಾಸದ ಮಧ್ಯೆ ಎರಡು ತುಂಬಿದರೆ ವಾಪಸ್ ಬರುವಾಗ ಸೀಟು ಕೊಳ್ಳಬೇಕು. ಹುಟ್ಟುಹಬ್ಬ ಹತ್ತಿರ ಇದ್ದರೆ ಒಂದು ವಾರ ಮುಂಚೆ ಹೋಗಿ ಬಂದುಬಿಡಿ.

ವಿಮಾನದಲ್ಲಿ ತೊಟ್ಟಿಲು ಸಿಗತ್ತಂತೆ, ಹೌದಾ?

ಹೌದು. ಬ್ಯಾಸಿನೆಟ್ ಎನ್ನುತ್ತಾರೆ. ಎದುರಿಗೆ ಗೋಡೆ ಇರುವ ಸಾಲಿನಲ್ಲಿ ಮಾತ್ರ ಸಿಕ್ಕಿಸುತ್ತಾರೆ. ವಿಮಾನಕ್ಕೆ ಕೆಲವೇ ಇರುತ್ತವೆ, ಆದ್ದರಿಂದ ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ ಕೇಳಿ. ತೂಕದ ಮಿತಿ ಹೆಚ್ಚಿನ ಕಡೆ 10 ಕಿಲೋ ಆಸುಪಾಸು. ನಮಗೆ ಒಂದು ಸಲ ಫೋನಿನಲ್ಲಿ ಖಾತ್ರಿ ಎಂದು ಹೇಳಿ, ಕೌಂಟರಿಗೆ ಹೋದಾಗ ಇಲ್ಲ ಎಂದರು. ಅಂದಿನಿಂದ ಇಮೇಲಿನಲ್ಲಿ ಬರೆಸಿಕೊಳ್ಳುತ್ತೇನೆ, ಮೂರು ಗಂಟೆ ಮುಂಚೆ ಹೋಗುತ್ತೇನೆ. ಗಾಳಿ ಜಾಸ್ತಿಯಾಗಿ ವಿಮಾನ ಅಲುಗಿದರೆ ಮಲಗಿದ ಮಗುವನ್ನು ಎತ್ತಿಕೊಳ್ಳಲು ಹೇಳುತ್ತಾರೆ. ಅದಕ್ಕೆ ಸಿಟ್ಟಾಗಬೇಡಿ, ಮಗುವಿನ ಸುರಕ್ಷತೆಗಾಗಿ ಹೇಳುವುದು.

ಕಿವಿ ನೋವಿಗೆ ಏನು ಮಾಡೋದು?

ವಿಮಾನ ಏರುವಾಗ, ಇಳಿಯುವಾಗ ಏನನ್ನಾದರೂ ನುಂಗಿಸುತ್ತಿರಿ. ಎದೆಹಾಲು, ಬಾಟಲಿ, ನೀರು, ಯಾವುದಾದರೂ ಸರಿ. ನುಂಗಿದಾಗ ಕಿವಿಯನ್ನೂ ಗಂಟಲನ್ನೂ ಜೋಡಿಸುವ ಕೊಳವೆ ತೆರೆದು ಒತ್ತಡ ಸಮವಾಗುತ್ತದೆ. ಇಳಿಯುವಾಗಲೇ ನೋವು ಜಾಸ್ತಿ, ಮತ್ತು ಇಳಿಯುವುದು ಚಕ್ರ ನೆಲ ಮುಟ್ಟುವ ಅರ್ಧ ಗಂಟೆ ಮುಂಚೆಯೇ ಶುರುವಾಗಿರುತ್ತದೆ. ಹಸಿವನ್ನು ಆ ಹೊತ್ತಿಗೆ ಸ್ವಲ್ಪ ಉಳಿಸಿಕೊಳ್ಳಿ. ಮಗುವಿಗೆ ನೆಗಡಿ, ಕಿವಿ ಸೋಂಕು ಇದ್ದರೆ ಹೊರಡುವ ಮೊದಲು ವೈದ್ಯರಿಗೆ ತೋರಿಸಿ.

ನಿದ್ದೆ ಬರೋ ಸಿರಪ್ ಕೊಟ್ಟುಬಿಟ್ರೆ ಆರಾಮಾಗಿ ಹೋಗಬಹುದಂತೆ?

ಬೇಡ. ಇದನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಜನ ಹೇಳುವುದು ನೆಗಡಿ ಸಿರಪ್‌ಗಳ ಬಗ್ಗೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ ಮೇಲೆ ಅಚ್ಚು ಹಾಕುವಂತೆ ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದರು. ಕೆಲವು ಮಕ್ಕಳು ಈ ಔಷಧಿಗೆ ಮಲಗುವ ಬದಲು ಇನ್ನೂ ಜಾಸ್ತಿ ಕಿರಿಕಿರಿ ಮಾಡುತ್ತವೆ.

ಮಗು ಅತ್ತರೆ ಅಳಲಿ. ಎತ್ತಿಕೊಂಡು ಹಿಂದೆ ಮುಂದೆ ಓಡಾಡಿ. ಸುತ್ತಲಿನವರಲ್ಲಿ ಅರ್ಧ ಜನ ಮಕ್ಕಳನ್ನು ಸಾಕಿದವರೇ. ಜರ್ಮನಿಗೆ ಹೋಗುವಾಗ ಪಕ್ಕದ ಅಜ್ಜಿಯೊಬ್ಬರು ತಮ್ಮ ಬಳೆ ಬಿಚ್ಚಿ ಮಗಳ ಕೈಗೆ ಕೊಟ್ಟರು. ಇಬ್ಬರಿಗೂ ಒಂದೇ ಒಂದು ಮಾತು ಅರ್ಥವಾಗುತ್ತಿರಲಿಲ್ಲ, ಆದರೂ ಇಪ್ಪತ್ತು ನಿಮಿಷ ಆಡಿದರು.

## ಊಟ ತಿಂಡಿ

ರಾಗಿ ಸರಿ, ತುಪ್ಪ, ಚಟ್ನಿಪುಡಿ ತಗೊಂಡು ಹೋಗಬಹುದಾ?

ಎಲ್ಲಕ್ಕೂ ಒಂದೇ ಉತ್ತರ ಇಲ್ಲ, ಬಿಡಿಸಿ ಹೇಳುತ್ತೇನೆ.

ರಾಗಿ ಸರಿ ಹಿಟ್ಟನ್ನು ಹಾಲಿನ ಪುಡಿ ಬೆರೆಸದೆ, ಮುಚ್ಚಿದ ಪೊಟ್ಟಣದಲ್ಲಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಒಯ್ಯಿರಿ. ಭದ್ರತಾ ತಪಾಸಣೆಯಲ್ಲಿ 100 ಮಿಲಿಲೀಟರಿನ ದ್ರವ ನಿಯಮದಿಂದ ಮಗುವಿನ ಹಾಲು, ಆಹಾರಕ್ಕೆ ವಿನಾಯಿತಿ ಇದೆ, ಪ್ರಯಾಣಕ್ಕೆ ಬೇಕಾದಷ್ಟು ಮಟ್ಟಿಗೆ. ಕೇಳಿದರೆ ಮುಚ್ಚಳ ತೆಗೆದು ತೋರಿಸಿ. ತುಪ್ಪಕ್ಕೆ ಈ ವಿನಾಯಿತಿ ನಂಬಿಕೊಳ್ಳಬೇಡಿ.

ಯುರೋಪಿಯನ್ ಯೂನಿಯನ್ ದೇಶಗಳಿಗೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಪನೀರ್, ಧಾರವಾಡ ಪೇಡ ಎಲ್ಲಾ ಅದರಲ್ಲಿ ಸೇರಿತು. ಮಗುವಿನ ಹಾಲಿನ ಪುಡಿ, ಶಿಶು ಆಹಾರಕ್ಕೆ ಮಾತ್ರ 2 ಕಿಲೋವರೆಗೆ ಬಿಡುತ್ತಾರೆ, ಕಂಪನಿ ಪ್ಯಾಕ್ ಆಗಿರಬೇಕು, ಫ್ರಿಜ್ ಬೇಕಾಗದ್ದಾಗಿರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇನ್ನೂ ಕಟ್ಟುನಿಟ್ಟು. ಅಲ್ಲಿ ತಂದ ತಿನಿಸೆಲ್ಲವನ್ನೂ ಕಾರ್ಡಿನಲ್ಲಿ ಘೋಷಿಸಿ. ಘೋಷಿಸಿದ್ದನ್ನು ಬೇಡವೆಂದರೆ ಬಿಸಾಡುತ್ತಾರೆ ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ನ್ಯೂಜಿಲೆಂಡ್‌ನಲ್ಲಿ ಸ್ಥಳದಲ್ಲೇ 400 ಡಾಲರ್ ದಂಡ.

ನಮ್ಮವರಿಗೆ ಗೊತ್ತೇ ಇರದ ಎರಡು ವಸ್ತುಗಳಿವೆ. ಒಂದು ಕೊಬ್ಬರಿ ಗಿಟುಕು. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನಯಾನದ ಅಪಾಯಕಾರಿ ಸಾಮಾನುಗಳ ಪಟ್ಟಿಯಲ್ಲಿದೆ. ಇನ್ನೊಂದು ಗಸಗಸೆ. ಪಾಯಸಕ್ಕೆ ಹಾಕುವ ಇದೇ ಗಸಗಸೆ ಯುಎಇ ಮತ್ತು ಸಿಂಗಾಪುರದಲ್ಲಿ ಮಾದಕ ವಸ್ತು ಕಾನೂನಿನಡಿ ನಿಷಿದ್ಧ. ಅಜ್ಜಿ ಕಟ್ಟಿಕೊಟ್ಟ ಮಸಾಲೆಪುಡಿ, ಬಾಣಂತಿ ಲೇಹ್ಯದಲ್ಲಿ ಅದು ಇದೆಯಾ ಎಂದು ಕೇಳಿಯೇ ಹೊರಡಿ.

ಅಲ್ಲಿ ಮಗುಗೆ ಅನ್ನ ಸಾರು ಎಲ್ಲಿಂದ ತರೋದು?

ಅಡುಗೆಮನೆ ಇರುವ ಕೋಣೆ ಹಿಡಿಯಿರಿ, ಹೋಟೆಲಿಗಿಂತ ಸ್ವಲ್ಪ ದೂರ ಆದರೂ ಪರವಾಗಿಲ್ಲ. ಅಕ್ಕಿ, ಬೇಳೆ, ಮೊಸರು, ಬಾಳೆಹಣ್ಣು ಸಿಗದ ದೊಡ್ಡ ಊರನ್ನು ನಾನು ಕಂಡಿಲ್ಲ. ನಾನು ಒಯ್ಯುವುದು ಇಂಗು, ಜೀರಿಗೆ, ಸಾರಿನ ಪುಡಿ, ಒಂದು ಚಿಕ್ಕ ಕುಕ್ಕರ್. ಸಿಂಗಾಪುರದಲ್ಲಿ ಅದೂ ಬೇಡ. ಸೆರಂಗೂನ್ ರಸ್ತೆಯಲ್ಲಿ ಎಂಟಿಆರ್ ಇದೆ, ಲಿಟಲ್ ಇಂಡಿಯಾದ ಸುತ್ತ ಇಡ್ಲಿ, ಮೊಸರನ್ನ ಸಿಗುತ್ತದೆ.

## ಅಲ್ಲಿ ಇಳಿದ ಮೇಲೆ

ಮಗುವಿನ ನಿದ್ದೆ ಪೂರ್ತಿ ಏರುಪೇರಾಗತ್ತೆ ಅಂತಾರೆ. ಹೇಗೆ ಸರಿಮಾಡೋದು?

ಸಿಂಗಾಪುರದಲ್ಲಿ ಸರಿಮಾಡಲೇಬೇಡಿ. ಮನೆಯಲ್ಲಿ ಎಂಟೂವರೆಗೆ ಮಲಗುವ ಮಗು ಅಲ್ಲಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತದೆ. ಸಂಜೆ ತಂಪಿನಲ್ಲಿ ಸುತ್ತಲು ಅದೇ ಅನುಕೂಲ.

ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮೊದಲ ಎರಡು ದಿನ ನನ್ನ ಮಗಳು ಬೆಳಗಿನ ಜಾವ ಮೂರೂವರೆಗೆ ಎದ್ದು ದೋಸೆ ಕೇಳಿದಳು. ಮನೆಯಲ್ಲಿ ಆಗ ಏಳು ಗಂಟೆ, ಅವಳ ಹೊಟ್ಟೆ ಹೇಳಿದ್ದು ಸರಿಯೇ. ಆ ಹೊತ್ತಿಗೆ ಕೊಡಲು ಬಿಸ್ಕತ್ತು, ಹಾಲು ತಯಾರಿರಲಿ. ಹಗಲು ಬಿಸಿಲಿಗೆ ಹೊರಗೆ ಇರಿ, ರಾತ್ರಿ ಕೋಣೆ ಕತ್ತಲಿರಲಿ. ಮೂರು ನಾಲ್ಕು ದಿನಕ್ಕೆ ಸರಿಹೋಗುತ್ತದೆ. ಮೊದಲ ದಿನಕ್ಕೆ ಯಾವ ಟಿಕೆಟ್ಟೂ ಮುಂಗಡ ತೆಗೆಯಬೇಡಿ.

ದಿನಕ್ಕೆ ಎಷ್ಟು ಜಾಗ ನೋಡಬಹುದು?

ಒಂದು. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಕೋಣೆಗೆ ಬಂದು ಊಟ, ನಿದ್ದೆ. ಸಂಜೆ ಹತ್ತಿರದ ಪಾರ್ಕು. ಜರ್ಮನಿಯಲ್ಲಿ ಪ್ರತಿ ಬಡಾವಣೆಯಲ್ಲೂ ಮರಳಿನ ಆಟದ ಜಾಗ ಇದೆ, ಅಲ್ಲಿ ಭಾಷೆಯೇ ಬೇಡ. ನಾವು ಒಂದು ದೊಡ್ಡ ಕೋಟೆ ನೋಡಲು ಹೊರಟು, ದಾರಿಯ ಕಾರಂಜಿ ಬಳಿ ಮಗಳು ಕೂತುಬಿಟ್ಟಿದ್ದಕ್ಕೆ ಎರಡು ಗಂಟೆ ಅಲ್ಲೇ ಕಳೆದೆವು. ಕೋಟೆ ನೋಡಲಿಲ್ಲ. ಆ ಕಾರಂಜಿಯ ಶಬ್ದ ನನಗೆ ಈಗಲೂ ಕೇಳಿಸುತ್ತದೆ.

ಕಾರ್ ಸೀಟ್ ಒಯ್ಯಬೇಕಾ?

ಜರ್ಮನಿಯಲ್ಲಿ 12 ವರ್ಷದೊಳಗಿನ, 150 ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಬಾಡಿಗೆ ಕಾರಿನ ಜೊತೆ ಮುಂಗಡ ಕೇಳಿ. ರೈಲು ಹಿಡಿದರೆ ಈ ಚಿಂತೆಯೇ ಇಲ್ಲ, ಅಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ಟೂ ಇಲ್ಲ. ಸಿಂಗಾಪುರದಲ್ಲಿ ಟ್ಯಾಕ್ಸಿಗೆ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಸುವ ಖಾಸಗಿ ಬಾಡಿಗೆ ಕಾರಿಗೆ ಇಲ್ಲ. ಮೆಟ್ರೋದಲ್ಲಿ 90 ಸೆಂಟಿಮೀಟರಿನೊಳಗಿನ ಮಕ್ಕಳು ದೊಡ್ಡವರ ಜೊತೆ ಉಚಿತ.

ಅಲ್ಲಿ ಜ್ವರ ಬಂದ್ರೆ?

ಹೊರಡುವ ಒಂದು ತಿಂಗಳು ಮುಂಚೆ ನಿಮ್ಮ ಮಕ್ಕಳ ವೈದ್ಯರ ಬಳಿ ಹೋಗಿ. ಲಸಿಕೆ ಕಾರ್ಡ್ ನೋಡಿಸಿ. ನಮ್ಮಲ್ಲಿ ದಡಾರದ ಮೊದಲ ಲಸಿಕೆ 9 ತಿಂಗಳಿಗೆ. ಅದಕ್ಕಿಂತ ಚಿಕ್ಕ ಮಗುವಾದರೆ ಪ್ರಯಾಣಕ್ಕಾಗಿ 6 ತಿಂಗಳ ನಂತರ ಒಂದು ಮುಂಗಡ ಡೋಸ್ ಹಾಕುವ ಪದ್ಧತಿ ಇದೆ, ಕೇಳಿ. ಕೀನ್ಯಾದಂಥ ದೇಶಕ್ಕೆ ಸಫಾರಿಗೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ 10 ದಿನ ಮುಂಚೆ ಆಗಿರಬೇಕು. ಅದನ್ನು ಸಾಮಾನ್ಯವಾಗಿ 9 ತಿಂಗಳಿಗಿಂತ ಚಿಕ್ಕವರಿಗೆ ಹಾಕುವುದಿಲ್ಲ. ಅಂಥ ಮಗು ಇದ್ದರೆ ಆ ಪ್ರವಾಸ ಮುಂದಕ್ಕೆ ಹಾಕಿ.

ಜ್ವರದ ಪ್ಯಾರಸಿಟಮಾಲ್ ಸಿರಪ್ ಮನೆಯದೇ ಒಯ್ಯಿರಿ. ಬಾಟಲಿಯಿಂದ ಬಾಟಲಿಗೆ ಸಾಂದ್ರತೆ ಬೇರೆ ಇರುತ್ತದೆ, ಪರದೇಶದ ಬಾಟಲಿಯಲ್ಲಿ ನಡುರಾತ್ರಿ ಲೆಕ್ಕ ಹಾಕುವುದು ಕಷ್ಟ. ಮಗುವಿನ ತೂಕಕ್ಕೆ ಎಷ್ಟು ಮಿಲಿಲೀಟರ್ ಎಂದು ವೈದ್ಯರಿಂದ ಬರೆಸಿ ಬಾಟಲಿಗೇ ಅಂಟಿಸಿ. ಜೊತೆಗೆ ಓಆರ್‌ಎಸ್, ಥರ್ಮಾಮೀಟರ್. ಕೊಡೀನ್ (ಕೆಲವು ಕೆಮ್ಮಿನ ಸಿರಪ್, ನೋವಿನ ಮಾತ್ರೆಗಳಲ್ಲಿರುತ್ತದೆ) ಇರುವ ಯಾವ ಔಷಧಿಯೂ ಯುಎಇ ಕಡೆ ಬೇಡ, ಅಲ್ಲಿ ಅದು ನಿಯಂತ್ರಿತ ಪಟ್ಟಿಯಲ್ಲಿದೆ. ವಿಮೆ ಕೊಳ್ಳುವಾಗ ಎಷ್ಟು ತಿಂಗಳ ಮಗುವಿನಿಂದ ಅನ್ವಯ ಎಂದು ಓದಿ. ತುರ್ತಿಗೆ ಯುರೋಪಿನಲ್ಲಿ 112, ಸಿಂಗಾಪುರದಲ್ಲಿ ಆಂಬುಲೆನ್ಸ್‌ಗೆ 995.

## ಸ್ವಲ್ಪ ತೊಡಕಿನ ಪ್ರಶ್ನೆಗಳು

ಗಂಡನಿಗೆ ರಜೆ ಇಲ್ಲ. ನಾನೊಬ್ಬಳೇ ಮಗು ಕರ್ಕೊಂಡು ಹೋಗಬಹುದಾ? ಅಜ್ಜಿ ತಾತನ ಜೊತೆ ಕಳಿಸಬಹುದಾ?

ಎರಡೂ ಆಗುತ್ತದೆ. ಬಾರದ ಪೋಷಕರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಅದರಲ್ಲಿ ಯಾರ ಜೊತೆ, ಯಾವ ದೇಶ, ಯಾವ ದಿನಾಂಕ, ಫೋನ್ ಸಂಖ್ಯೆ ಎಲ್ಲಾ ಇರಲಿ. ಪೋಷಕರ ಪಾಸ್‌ಪೋರ್ಟ್ ನಕಲು ಲಗತ್ತಿಸಿ. ಅಜ್ಜಿ ತಾತನ ಜೊತೆಗಾದರೆ ಇಬ್ಬರ ಸಹಿಯೂ ಬೇಕು, ಮಗುವಿಗೆ ಚಿಕಿತ್ಸೆ ಕೊಡಿಸಲು ಒಪ್ಪಿಗೆಯ ಒಂದು ಸಾಲೂ ಇರಲಿ. ವಿಚ್ಛೇದನವಾಗಿದ್ದರೆ ಕೋರ್ಟಿನ ಆದೇಶದ ಪ್ರತಿ ಒಯ್ಯಿರಿ.

ಮಗು ಅಮೆರಿಕದಲ್ಲಿ ಹುಟ್ಟಿದೆ. ಊರಿಗೆ ಕರ್ಕೊಂಡು ಬರಬೇಕು, ಏನೇನು ಬೇಕು?

ಅಲ್ಲಿನ ಜನನ ಪ್ರಮಾಣಪತ್ರ ಬಂದ ತಕ್ಷಣ ಅಮೆರಿಕದ ಪಾಸ್‌ಪೋರ್ಟ್‌ಗೆ ಹಾಕಿ. 16 ವರ್ಷದೊಳಗಿನವರಿಗೆ ಅಪ್ಪ ಅಮ್ಮ ಇಬ್ಬರೂ ಜೊತೆಗೆ ಹೋಗಬೇಕು, ಅಥವಾ ಬರಲಾಗದವರು ನೋಟರಿ ಒಪ್ಪಿಗೆ ಕೊಡಬೇಕು. ಆಮೇಲೆ ಭಾರತಕ್ಕೆ ಬರಲು ಇ-ವೀಸಾ ಅಥವಾ ಓಸಿಐ, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಜೀವಮಾನದ ವೀಸಾ ಕಾರ್ಡ್. ಅವಸರವಿದ್ದರೆ ಇ-ವೀಸಾದಲ್ಲಿ ಬನ್ನಿ, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅದು ನಡೆಯುತ್ತದೆ. ಪದೇ ಪದೇ ಬರುವವರಾದರೆ ಓಸಿಐ ಮಾಡಿಸಿ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ಹಾಗಾಗಿ ಜೊತೆಗೆ ಭಾರತದ ಪಾಸ್‌ಪೋರ್ಟ್ ಕೂಡ ಇಟ್ಟುಕೊಳ್ಳುತ್ತೇವೆ ಅನ್ನುವ ಯೋಚನೆ ಬಿಡಿ.

ಪರದೇಶದಲ್ಲಿ ಮಗುವಿನ ಪಾಸ್‌ಪೋರ್ಟ್ ಕಳೆದ್ರೆ?

ಮೊದಲು ಸ್ಥಳೀಯ ಪೊಲೀಸರಲ್ಲಿ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಹೊಸ ಪಾಸ್‌ಪೋರ್ಟ್‌ಗೆ ಕಾಯಲು ಸಮಯವಿಲ್ಲದಿದ್ದರೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಭಾರತಕ್ಕೆ ಒಂದು ಸಲ ಮರಳಲು ಮಾತ್ರ. ಪಾಸ್‌ಪೋರ್ಟ್, ವೀಸಾ, ಜನನ ಪ್ರಮಾಣಪತ್ರದ ನಕಲು ಮತ್ತು ಮಗುವಿನ ಎರಡು ಫೋಟೋ ಬೇರೆ ಚೀಲದಲ್ಲಿ ಇರಲಿ.

ಜನಜಂಗುಳಿಯಲ್ಲಿ ಮಗುವೇ ಕೈತಪ್ಪಿದ್ರೆ? ಕನ್ನಡ ಬಿಟ್ಟು ಬೇರೆ ಬರಲ್ಲ.

ಈ ಭಯಕ್ಕೆ ಎಷ್ಟೋ ಜನ ಹೊರಡುವುದೇ ಇಲ್ಲ. ನಾನು ಮಾಡುವುದು ಹೀಗೆ. ದಿನಾ ಬೆಳಿಗ್ಗೆ ಕೋಣೆಯಿಂದ ಹೊರಡುವಾಗ ಮಗಳ ಪೂರ್ತಿ ಫೋಟೋ ತೆಗೆಯುತ್ತೇನೆ, ಅಂದು ಹಾಕಿದ ಬಟ್ಟೆ, ಚಪ್ಪಲಿ ಕಾಣುವ ಹಾಗೆ. ಅಲ್ಲಿ ನಡೆಯುವ ನನ್ನ ಫೋನ್ ಸಂಖ್ಯೆಯನ್ನು ದೇಶದ ಕೋಡ್ ಸಮೇತ ಅವಳ ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ನಂಬಿಬಿಡುತ್ತದೆ. ಅಮ್ಮ ಕಾಣದಿದ್ದರೆ ಓಡಬಾರದು, ನಿಂತಲ್ಲೇ ನಿಂತು ಜೋರಾಗಿ "ಅಮ್ಮಾ" ಅಂತ ಕೂಗಬೇಕು ಎಂದು ಮನೆಯಲ್ಲೇ ಆಟದ ಹಾಗೆ ಕಲಿಸಿದ್ದೆ. ಒಂದು ರೈಲು ನಿಲ್ದಾಣದಲ್ಲಿ ಒಂದೇ ನಿಮಿಷ ಕಣ್ಮರೆಯಾದಳು. ಕಂಬದ ಆಚೆಯಿಂದ ಆ ಕೂಗು ಬಂತು. ಹೋಗಿ ನೋಡಿದರೆ ನಿಂತಲ್ಲೇ ನಿಂತಿದ್ದಳು, ಬರೆದ ಕೈಯನ್ನು ಮೇಲೆತ್ತಿ ಹಿಡಿದುಕೊಂಡು.